ಮಗಳ ಮನೆಯ ಬಾಗಿಲಲ್ಲಿ ನಿಂತ ಕಾಲು

ನನಗೆ ಏನೋ ಆಗಿದೆ ಎಂದು ಮೊದಲು ಕಂಡದ್ದು ಒಂದು ಮದುವೆಯ ವಿಡಿಯೊದಲ್ಲಿ. ನಂದಗಡದಲ್ಲಿ ನನ್ನ ತಮ್ಮನ ಮಗಳ ಮದುವೆ ಆಗಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದದ್ದನ್ನು ಕಳಿಸಿದ್ದರು. ನನ್ನ ಹೆಂಡತಿ ನೀಲವ್ವ ಅಡುಗೆಮನೆಯಲ್ಲಿ ಕೂತು ನೋಡುತ್ತಿದ್ದವಳು, "ಇಲ್ಲಿ ಬರ್ರಿ, ನಿಮ್ಮನ್ನ ನೀವು ನೋಡ್ಕೋರಿ" ಎಂದು ಕರೆದಳು. ಅದರಲ್ಲಿ ನಾನು ಅಕ್ಷತೆ ಹಿಡಿದುಕೊಂಡು ಮಂಟಪದ ಕಡೆ ಹೋಗುತ್ತಿದ್ದೆ. ಎಡಗೈ ಎಲ್ಲರ ಕೈಯಂತೆ ಬೀಸುತ್ತಿತ್ತು. ಅಕ್ಷತೆ ಹಿಡಿದ ಬಲಗೈ ಮಾತ್ರ, ಅಕ್ಷತೆ ಹಾಕಿ ವಾಪಸ್ ಬರುವಾಗಲೂ, ಬಗಲಲ್ಲಿ ಕೊಡೆ ಇಟ್ಟುಕೊಂಡವರ ಕೈಯ ಹಾಗೆ ಮೈಗೆ ಅಂಟಿಕೊಂಡೇ ಇತ್ತು.

"ಬಗಲಾಗ ಏನ ಹಿಡಕೊಂಡಿದ್ರಿ?" ಎಂದು ಕೇಳಿದಳು.

"ಏನೂ ಇರಲಿಲ್ಲ."

ಇಬ್ಬರೂ ಇನ್ನೊಮ್ಮೆ ನೋಡಿದೆವು. ಆಮೇಲೆ ಅವಳು ಮೊಬೈಲ್ ಬದಿಗಿಟ್ಟು ರೊಟ್ಟಿ ಬಡಿಯಲು ಕೂತಳು. ಆ ದಿನ ಆ ಮಾತು ಮತ್ತೆ ಬರಲಿಲ್ಲ.

ನಾನು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಖಾನಾಪುರ ತಾಲ್ಲೂಕಿನಲ್ಲೇ ನನ್ನ ನೌಕರಿ ಪೂರ್ತಿ ಕಳೆಯಿತು. ಎಮ್ಮೆಯ ಹೆರಿಗೆ, ಎತ್ತಿನ ಕಾಲುಬಾಯಿ ರೋಗ, ನಾಯಿ ಕಡಿದ ಆಡು, ಇಂಥವುಗಳ ನಡುವೆಯೇ ಇದ್ದೆ. ನಡೆಯುವುದೇ ನನ್ನ ಕೆಲಸವಾಗಿತ್ತು, ಏಕೆಂದರೆ ಎಷ್ಟೋ ಹಳ್ಳಿಗಳಿಗೆ ಬಸ್ಸು ಅರ್ಧ ದಾರಿಗೇ ನಿಲ್ಲುತ್ತಿತ್ತು. ನಿವೃತ್ತಿಯಾಗುವ ಮೊದಲು ಖಾನಾಪುರದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದ್ದೆ. ನಾವಿಬ್ಬರೂ ಅಲ್ಲಿ ಆರಾಮಾಗಿದ್ದೆವು.

ವಿಡಿಯೊ ನೋಡಿದ ಮೇಲೆ ಬೇರೆ ಬೇರೆಯವೂ ಕಣ್ಣಿಗೆ ಬೀಳತೊಡಗಿದವು. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಹಣೆಯ ಮೇಲಿನ ಗೆರೆಗಳು ನೀರಿನಲ್ಲಿ ಕಂಡಂತೆ ಡೊಂಕಾಗುತ್ತಿದ್ದವು. ನನ್ನ ಬಲಗಾಲಿನ ಚಪ್ಪಲಿ ನೆಲಕ್ಕೆ ಉಜ್ಜುವ ಸಪ್ಪಳ ನೀಲವ್ವನಿಗೆ ಒಳಗಿನಿಂದಲೇ ಕೇಳುತ್ತಿತ್ತಂತೆ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ವಯಸ್ಸಾಯಿತು ಎಂದು ಎಲ್ಲದಕ್ಕೂ ನಾನೇ ಸಮಾಧಾನ ಹೇಳಿಕೊಂಡೆ.

ನಮಗೆ ಒಬ್ಬಳೇ ಮಗಳು, ಶೋಭಾ. ಬೆಳಗಾವಿಯ ಟಿಳಕವಾಡಿಯಲ್ಲಿ ಇದ್ದಾಳೆ. ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಅಳಿಯ ಪ್ರಕಾಶ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಹಬ್ಬಕ್ಕೆ ಬಂದಾಗ ಅವಳು ನನ್ನ ಕೈ ನೋಡಿದವಳೇ ನರದ ಡಾಕ್ಟರ ಹತ್ತಿರ ಹೆಸರು ಹಚ್ಚಿಸಿಬಿಟ್ಟಳು.

ಆ ದವಾಖಾನೆಯಲ್ಲಿ ಕಾಯುವ ಕುರ್ಚಿಗಳನ್ನು ಒಂದಕ್ಕೊಂದು ಸೇರಿಸಿ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಹೀಗಾಗಿ ಒಬ್ಬರ ಕೈ ನಡುಗಿದರೆ ಸಾಲಿನ ಎಲ್ಲರ ಕುರ್ಚಿಯೂ ಸಣ್ಣಗೆ ನಡುಗುತ್ತಿತ್ತು. ನನ್ನ ಬಾಜು ಕೂತಿದ್ದ ಹೆಂಗಸು ತನ್ನ ಗಂಡನ ಕೈ ಮೇಲೆ ತನ್ನ ಕೈ ಇಟ್ಟು ಒತ್ತಿ ಹಿಡಿದಿದ್ದಳು. ನನ್ನನ್ನು ನೋಡಿ, "ನಿಮ್ದ ಈಗ ಚಾಲೂ ಆಗೈತೇನ್ರಿ?" ಎಂದಳು. ಡಾಕ್ಟರು ಹೇಳುವ ಮೊದಲೇ ಅವಳು ಹೇಳಿಬಿಟ್ಟಿದ್ದಳು.

ಡಾಕ್ಟರು ಬೆರಳು ತಟ್ಟಿಸಿದರು, ಮುಷ್ಟಿ ಮುಚ್ಚಿ ತೆಗೆಸಿದರು, ನಡೆಸಿ ನೋಡಿದರು, ಹಿಂದಿನಿಂದ ಭುಜ ಹಿಡಿದು ಜಗ್ಗಿದರು. ಆಮೇಲೆ ಕೂಡಿಸಿ ಹೆಸರು ಹೇಳಿದರು: ಪಾರ್ಕಿನ್ಸನ್.

"ಇದು ಪೂರಾ ಹೋಗೂ ರೋಗ ಅಲ್ರಿ. ಆದ್ರ ಇದರ ಸಂಗಾಟ ಭಾಳ ವರ್ಷ ಬಾಳೇವು ಮಾಡಬಹುದು."

ಶೋಭಾ ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ನೀಲವ್ವ ಕೇಳಿದ್ದು ಒಂದೇ: "ಉಣ್ಣಾಕ ಏನರ ಪಥ್ಯ ಐತೇನ್ರಿ?" ವಿಶೇಷ ಏನೂ ಇಲ್ಲ, ಗುಳಿಗೆ ಮಾತ್ರ ಊಟಕ್ಕಿಂತ ಮೊದಲು ನುಂಗಬೇಕು ಎಂದಾಗ ಅವಳಿಗೆ ಅರ್ಧ ಸಮಾಧಾನವಾಯಿತು. ನನಗೆ ಆಗಲಿಲ್ಲ. ಏಳಲಾರದೆ ಮಲಗಿದ ದನದ ಮುಂದೆ ನಿಂತು ಮಾಲಕನಿಗೆ ಏನು ಹೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾನೇ ಎಷ್ಟೋ ಮನೆಗಳಲ್ಲಿ ಹೇಳಿದ್ದೆ. ವಾಪಸ್ ಖಾನಾಪುರಕ್ಕೆ ಬರುವ ಬಸ್ಸಿನಲ್ಲಿ ಕಿಡಕಿಯ ಹೊರಗೆ ನೋಡುತ್ತ ಅದನ್ನೇ ನೆನೆಯುತ್ತಿದ್ದೆ.

ಗುಳಿಗೆಯಿಂದ ಕೈ ಬಹಳ ಮಟ್ಟಿಗೆ ಸಡಿಲಾಯಿತು. ಆದರೆ ಗುಳಿಗೆ ಎಷ್ಟು, ಯಾವಾಗ ಎಂದು ಹೊಂದಿಸಲು ಮೇಲಿಂದ ಮೇಲೆ ಬೆಳಗಾವಿಗೆ ಹೋಗಬೇಕಾಗುತ್ತಿತ್ತು. ಬಸ್ಸಿನ ಗದ್ದಲದಲ್ಲಿ ಹತ್ತಿ ಇಳಿಯುವುದು ಕಷ್ಟವಾಯಿತು. "ನಮ್ಮ ಮನಿಗೇ ಬಂದಬಿಡ್ರಿ" ಎಂದು ಶೋಭಾ ಗಂಟುಬಿದ್ದಳು. ಪ್ರಕಾಶನೂ ಫೋನ್ ಮಾಡಿ ಹೇಳಿದ.

ನನಗೆ ಮನಸ್ಸಿರಲಿಲ್ಲ. ಮಗಳ ಮನೆಗೆ ಹೋಗಿ ಹಬ್ಬ ಉಂಡು ಬರುವುದು ಬೇರೆ, ಅಲ್ಲೇ ಹೋಗಿ ಇರುವುದು ಬೇರೆ. ಅಲ್ಲಿ ಬೀಗತಿ ಸುಮಿತ್ರಾಬಾಯಿ, ಅಂದರೆ ಪ್ರಕಾಶನ ತಾಯಿ, ಇದ್ದರು. ಅದು ಅವರ ಮನೆ. ಅವರಿಗೂ ಮಂಡಿ ನೋವು, ಕೋಲು ಹಿಡಿದು ನಡೆಯುತ್ತಿದ್ದರು. ಅಂಥ ಮನೆಗೆ ನಾನೊಬ್ಬ ರೋಗಿ ಹೋಗಿ ಕೂಡುವುದೇ? ಆದರೆ ನೀಲವ್ವ, "ನೀವು ಇಲ್ಲಿ ಬಿದ್ರ ನಾ ಯಾರನ್ನ ಕರೀಲಿ? ನನಗೊಬ್ಬಾಕಿಗೆ ಎತ್ತಾಕ ಆಗ್ತದೇನು?" ಎಂದಳು. ಹೋದೆವು.

ಶೋಭಾಳ ಫ್ಲಾಟ್ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಅಪ್ಪ ಮೆಟ್ಟಿಲು ಹೇಗೆ ಹತ್ತುತ್ತಾನೆ ಎಂಬುದೇ ಎಲ್ಲರ ಚಿಂತೆ. ಪ್ರಕಾಶ ಹಿಂದೆ, ಶೋಭಾ ಮುಂದೆ, ನಡುವೆ ನಾನು. ನಾನು ಒಂದೇ ಸಮನೆ ಹತ್ತಿದೆ. ಮೇಲೆ ನಿಂತಿದ್ದ ಬೀಗತಿ, "ಅಯ್ಯ, ಬೀಗರು ನನಗಿಂತ ಛಲೋ ಹತ್ತತಾರ" ಎಂದು ನಕ್ಕರು. ಚಪ್ಪಲಿ ಬಿಟ್ಟೆ. ಒಳಗೆ ಕಾಲಿಡಬೇಕು, ಕಾಲು ಬರಲಿಲ್ಲ.

ಇದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ನೋವಿಲ್ಲ, ಜೋಮು ಹಿಡಿದಿಲ್ಲ, ಸೋತಿಲ್ಲ. ಮೈ ಮುಂದಕ್ಕೆ ಬಾಗುತ್ತದೆ, ಅಂಗಾಲು ಮಾತ್ರ ನೆಲಕ್ಕೆ ಅಂಟು ಹಾಕಿದಂತೆ ಹಿಡಿದುಕೊಳ್ಳುತ್ತದೆ. ಹಿಮ್ಮಡಿ ಎದ್ದು ಪಾದ ಅಲ್ಲೇ ಪಟಪಟ ನಡುಗುತ್ತದೆ. ಮುಂದೆ ಶೋಭಾಳ ಹಾಲ್, ಕೆನೆ ಬಣ್ಣದ ನುಣುಪು ಟೈಲ್ಸ್, ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಅದರಲ್ಲಿ ಟ್ಯೂಬಲೈಟಿನ ಬೆಳಕು ಹೊಳೆಯುತ್ತಿತ್ತು.

"ಬಾ ಅಪ್ಪಾ ಒಳಗ, ಯಾಕ ನಿಂತಿ?"

"ಬರ್ತೀನವ್ವಾ."

"ಸಂಕೋಚ ಮಾಡಬ್ಯಾಡ್ರಿ ಬೀಗರ" ಎಂದರು ಸುಮಿತ್ರಾಬಾಯಿ. "ಬರ್ರಿ, ನಿಮ್ಮ ಮಗಳ ಮನೀನ ಐತಿ."

ಎಲ್ಲರೂ ಕರೆದಷ್ಟೂ ಕಾಲು ಇನ್ನಷ್ಟು ಬಿಗಿಯಿತು. ಕೊನೆಗೆ ಪ್ರಕಾಶ ತೋಳು ಹಿಡಿದು ಎಳೆದುಕೊಂಡ. ನಾನು ಮುಗ್ಗರಿಸುತ್ತ ಒಳಗೆ ಹೋಗಿ ಸೋಫಾದ ಮೇಲೆ ಬಿದ್ದಂತೆ ಕೂತೆ.

ಅಂದಿನಿಂದ ಅದೇ ಹಾಡು. ಮಲಗುವ ಕೋಣೆಯ ಬಾಗಿಲು, ಬಚ್ಚಲಿನ ಬಾಗಿಲು, ಟೀಪಾಯಿಯ ಬಾಜು ತಿರುಗುವ ಜಾಗ, ಎಲ್ಲೆಲ್ಲಿ ದಾರಿ ಸಣ್ಣದಾಗುತ್ತದೆಯೋ ಅಲ್ಲೆಲ್ಲ ಕಾಲು ನಿಲ್ಲುತ್ತಿತ್ತು. ಗಡಬಡಿ ಮಾಡಿದರೆ, ಯಾರಾದರೂ ಬೆಲ್ ಒತ್ತಿದರೆ, ಪೂರಾ ನಿಲ್ಲುತ್ತಿತ್ತು. ಒಂದು ಮುಂಜಾನೆ ಬಚ್ಚಲಿನ ಮುಂದಿನ ಕಾಲೊರಸಿನ ಮೇಲೆ ಕಾಲು ಸಿಕ್ಕು ಬಿದ್ದೆ. ಹಣೆ ಬಾತುಕೊಂಡಿತು, ಎಲುಬು ಮುರಿಯಲಿಲ್ಲ. ಆ ಕಾಲೊರಸು ಸುಮಿತ್ರಾಬಾಯಿ ಹಳೆ ಸೀರೆ ಕತ್ತರಿಸಿ ಕೈಯಾರೆ ಹೊಲಿದದ್ದು. ಟೈಲ್ಸಿನ ತಣುವು ಅವರ ಮಂಡಿಗೆ ಆಗಿಬರದೆಂದು ಮನೆ ತುಂಬ ಅಂಥವನ್ನು ಹಾಸಿದ್ದರು. ನಾನು ಬಿದ್ದದ್ದಕ್ಕಿಂತ ತಾವು ಹಾಸಿದ ಕಾಲೊರಸಿನಿಂದ ಬಿದ್ದೆ ಎಂಬುದು ಅವರಿಗೆ ಹೆಚ್ಚು ನೋವಾಯಿತು. ಎರಡು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಆಮೇಲೆ ನಾನು ಏಳುವುದನ್ನೇ ಬಿಟ್ಟೆ. ಕಿಡಕಿಯ ಬಳಿ ಒಂದು ಕುರ್ಚಿ ಹಾಕಿದರು. ಅಲ್ಲಿ ಕೂತರೆ ರೈಲ್ವೆ ಗೇಟಿನ ಕಡೆಯ ವಾಹನಗಳ ಸಪ್ಪಳ ಕೇಳುತ್ತಿತ್ತು. ಎದ್ದರೆ ತ್ರಾಸು, ಆದ್ದರಿಂದ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ರೋಗ ಬಹಳ ಬೇಗ ಮುಂದೆ ಹೋಗುತ್ತಿದೆ ಎಂದು ಎಲ್ಲರೂ ತಿಳಿದರು. ನಾನೂ ತಿಳಿದೆ.

ಹೀಗಿರುವಾಗ ಮಳೆಗಾಲಕ್ಕೆ ಮೊದಲು ಖಾನಾಪುರದ ಮನೆಯನ್ನು ಒಮ್ಮೆ ನೋಡಿ ಬರಬೇಕಿತ್ತು. ಅಂಗಡಿಗೆ ರಜೆ ಇದ್ದ ದಿನ ಪ್ರಕಾಶ ಕಾರು ತೆಗೆದ. ಶೋಭಾ, ನೀಲವ್ವ, ನಾನು ಹೋದೆವು. ಬಾಗಿಲಲ್ಲಿ ಇಳಿಯುತ್ತಲೇ ಎದುರು ಮನೆಯ ಮರಾಠಿ ಮಾವಶಿ, "ಕಾಯ್ ಕಂಪೌಂಡರ್, ಕಧೀ ಆಲಾತ್?" ಎಂದು ಕೂಗಿದಳು. "ಈಗ ಬಂದೆ" ಎಂದು ಅವಳಿಗೆ ಮರಾಠಿಯಲ್ಲೇ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದೆ. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿಗೆ ಹೋಗಿ ಲಿಂಬಿ ಗಿಡ ನೋಡಿದೆ. ಕೆಳಗೆ ಉದುರಿದ್ದ ಹಣ್ಣು ಆರಿಸಿಕೊಂಡು ಹೊರಗೆ ಬಂದು, "ತಗೋ, ಉಪ್ಪಿನಕಾಯಿಗೆ ಆಗ್ತಾವ" ಎಂದು ಶೋಭಾಳ ಕಡೆ ಚಾಚಿದೆ.

ಅವಳು ಕೀಲಿಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಹಣ್ಣು ತೆಗೆದುಕೊಳ್ಳಲಿಲ್ಲ. ನನ್ನ ಕಾಲು ನೋಡುತ್ತಿದ್ದಳು. ನಾನು ನಡೆದದ್ದು ನನಗೆ ಆಗಲೇ ಗೊತ್ತಾದದ್ದು.

ವಾಪಸ್ ಬಂದೆವು. ಟಿಳಕವಾಡಿಯ ಮೆಟ್ಟಿಲು ಹತ್ತಿದೆ, ಮತ್ತೆ ಬಾಗಿಲಲ್ಲಿ ನಿಂತೆ. ಈ ಸಲ ಅವಳು ಕರೆಯಲಿಲ್ಲ. ಪ್ರಕಾಶನೇ ಒಳಗೆ ತಂದ. ಸಂಜೆ ಅವಳು ನನ್ನ ಕುರ್ಚಿಯ ಬಳಿ ನೆಲದ ಮೇಲೆ ಬಂದು ಕೂತಳು.

"ಅಪ್ಪಾ, ಒಂದ ಕೇಳ್ತೀನಿ, ಖರೇ ಹೇಳು. ನಿನಗ ನಮ್ಮ ಮನಿ ಬ್ಯಾಡಾಗೈತಿ, ಹೌದಲ್ಲ?"

"ಹಂಗೇನಿಲ್ಲವ್ವಾ."

"ಅಲ್ಲಿ ನೀ ಓಡಿದಂಗ ನಡದಿ. ಮೆಟ್ಟಲ ಹತ್ತತಿ. ನನ್ನ ಮನಿ ಬಾಗಲದಾಗ ಮಾತ್ರ ನಿನ್ನ ಕಾಲ ಬರೂದಿಲ್ಲ. ಬ್ಯಾಡಂದ್ರ ಬಾಯಿಬಿಟ್ಟ ಹೇಳಪ್ಪಾ. ಈ ನಮೂನಿ ಯಾಕ ಮಾಡ್ತಿ? ಅತ್ತಿಯಾರು ಏನ ತಿಳಕೋತಾರ?"

ಅಳುತ್ತಿದ್ದಳು. ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವಳೂ ನನ್ನ ಪರವಾಗಿ ಏನೂ ಹೇಳಲಿಲ್ಲ. ನಾನು ಬೇಕೆಂದು ಮಾಡುತ್ತಿಲ್ಲ ಎಂದೆ. ಆದರೆ ಗಟ್ಟಿಯಾಗಿ ಹೇಳುವ ಧೈರ್ಯ ನನಗೇ ಇರಲಿಲ್ಲ. ಏಕೆಂದರೆ ಮಗಳ ಮನೆಯಲ್ಲಿರಲು ನನಗೆ ಮನಸ್ಸಿಲ್ಲದ್ದು ಸುಳ್ಳಾಗಿರಲಿಲ್ಲ. ಮನಸ್ಸಿನಲ್ಲಿದ್ದದ್ದೇ ಕಾಲಿಗೆ ಇಳಿಯಿತೋ ಏನೋ? ಆ ದಿನಗಳಲ್ಲಿ ನಡುಕಕ್ಕಿಂತ, ಬಿದ್ದ ಪೆಟ್ಟಿಗಿಂತ, ಈ ಅನುಮಾನವೇ ನನ್ನನ್ನು ತಿಂದಿತು. ನೌಕರಿಯಲ್ಲಿದ್ದಾಗ ಗಟಾರ ದಾಟಲಾರದೆ ನಿಂತ ಎಮ್ಮೆಗಳನ್ನು ಎಷ್ಟೋ ನೋಡಿದ್ದೆ. ಮಾಲಕರು ಸೊಕ್ಕು ಎಂದು ಹೊಡೆಯುತ್ತಿದ್ದರು. ಹೊಡೀಬ್ಯಾಡ್ರಿ, ಅದಕ್ಕ ಏನೋ ಬ್ಯಾರೆ ಕಾಣತೈತಿ ಎಂದು ನಾನೇ ಬಿಡಿಸುತ್ತಿದ್ದೆ. ಎಮ್ಮೆಗೆ ಕೊಟ್ಟಷ್ಟು ನಂಬಿಕೆಯನ್ನು ನನಗೆ ನಾನು ಕೊಡಲಾಗಲಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅವರು ನಡೆಯಲು ಹೇಳಿದರು. ಅವರ ವರಾಂಡದ ನೆಲದಲ್ಲಿ ಕಪ್ಪು ಬಿಳಿ ಚೌಕಗಳಿದ್ದವು. ನೆಟ್ಟಗೆ ನಡೆದು ತಿರುಗಿ ಬಂದೆ.

"ನೋಡ್ರಿ ಡಾಕ್ಟರ" ಎಂದಳು ಶೋಭಾ, "ಇಲ್ಲಿ ಎಷ್ಟ ಛಲೋ ನಡೀತಾರ. ಮನ್ಯಾಗ ನಡಿಯೂದಿಲ್ಲ."

ಕಳ್ಳತನದಲ್ಲಿ ಸಿಕ್ಕವನಂತೆ ನಾನು ತಲೆ ತಗ್ಗಿಸಿದೆ. ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟು, ಎಲ್ಲೆಲ್ಲಿ ಕಾಲು ನಿಲ್ಲುತ್ತದೆ, ಬಾಗಿಲಲ್ಲೋ, ತಿರುಗುವಾಗಲೋ, ಮೆಟ್ಟಿಲಲ್ಲೋ ಎಂದು ಒಂದೊಂದಾಗಿ ಕೇಳಿದರು. ಮೆಟ್ಟಿಲಲ್ಲಿ ನಿಲ್ಲುವುದಿಲ್ಲ ಎಂದಾಗ ಗೊತ್ತಿದ್ದ ಸಂಗತಿಯೆಂಬಂತೆ ತಲೆಯಾಡಿಸಿದರು. ಇದು ಈ ರೋಗದಲ್ಲಿ ಬರುವಂಥದ್ದೇ ಎಂದರು. ತಮ್ಮಲ್ಲಿನ ಫಿಜಿಯೋಥೆರಪಿಯ ವೈಷ್ಣವಿಯನ್ನು ಕರೆದು, "ಇವರ ಮನಿ ಒಮ್ಮಿ ನೋಡಿ ಬಾರವ್ವಾ" ಎಂದರು.

ವೈಷ್ಣವಿ ಬಂದ ದಿನ ಬೀಗತಿಯೂ ಸೋಫಾದ ಮೇಲೆ ಕೂತು ನೋಡುತ್ತಿದ್ದರು. ಆ ಹುಡುಗಿ ಬಂದವಳೇ ನನ್ನ ಬದಲು ನೆಲ ನೋಡಿದಳು. ಬಗ್ಗಿ ಕೈಯಿಂದ ಸವರಿದಳು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿದಳು. ಎಂದಿನಂತೆ ಕಾಲು ಹಿಡಿಯಿತು.

"ಯಾರೂ ಕರೀಬ್ಯಾಡ್ರಿ, ಯಾರೂ ಜಗ್ಗಬ್ಯಾಡ್ರಿ" ಎಂದು ಒಳಗಿನವರಿಗೆ ಹೇಳಿ, ತನ್ನ ಒಂದು ಕಾಲನ್ನು ನನ್ನ ಪಾದದ ಮುಂದೆ ಅಡ್ಡ ಇಟ್ಟಳು. "ಕಾಕಾ, ಬಾಗಲಾ ಮರ್ತಬಿಡ್ರಿ. ನನ್ನ ಕಾಲ ದಾಟಿ ಬರ್ರಿ."

ದಾಟಿದೆ. ಸುಮ್ಮನೆ ದಾಟಿದೆ. ಅವಳು ಹಿಂದಕ್ಕೆ ಸರಿದು ಮತ್ತೆ ಕಾಲು ಅಡ್ಡ ಇಟ್ಟಳು, ಮತ್ತೆ ದಾಟಿದೆ. ಹಾಗೆ ದಾಟುತ್ತ ದಾಟುತ್ತ ಹಾಲ್‌ನ ನಡುವೆ ಬಂದು ನಿಂತೆ. ಎಡವಿ ಎಲ್ಲಿ ಅವಳ ಕಾಲು ತುಳಿಯುತ್ತೇನೋ ಎಂಬ ಚಿಂತೆಯೊಂದೇ ನನ್ನ ತಲೆಯಲ್ಲಿತ್ತು.

ವೈಷ್ಣವಿ ಶೋಭಾಳ ಕಡೆ ತಿರುಗಿದಳು. "ನಾವು ನಡಿಯೂದು ತಾನ ಆಗ್ತದ್ರಿ, ವಿಚಾರ ಮಾಡೂದಿಲ್ಲ. ಇವರಿಗೆ ತಾನ ಆಗೂದು ಆಗಾಗ ನಿಲ್ತದ. ಆವಾಗ ಕಣ್ಣಿಗೆ ಒಂದು ಗುರುತು ಬೇಕು. ಮೆಟ್ಟಲದಾಗ ಗುರುತ ಐತಿ. ಖಾನಾಪುರದ ಮನ್ಯಾಗ ಛಲೋ ನಡದ್ರಂತಲ್ರಿ, ಅಲ್ಲಿ ನೆಲಾ ಎಂಥಾದೈತಿ?"

"ಶಹಾಬಾದ ಕಲ್ಲಿನ ಫರಸಿ" ಎಂದಳು ನೀಲವ್ವ.

"ಮತ್ತ ಫರಸಿ ಸಂದಿನ್ಯಾಗ ಗೆರಿ ಇರ್ತಾವಲ್ಲ, ಅವನ್ನ ದಾಟಕೋತ ಹೋಗ್ತಾರ. ಈ ಟೈಲ್ಸನ್ಯಾಗ ಏನೈತಿ? ನಿಂತ ನೀರ ಇದ್ದಂಗ ಐತಿ. ಇದು ಮನಸಿಂದ ಅಲ್ಲ ಅಕ್ಕಾ. ಇವರು ಬೇಕಂತ ಮಾಡೂದಿಲ್ಲ."

ಶೋಭಾ ಅಡುಗೆಮನೆಗೆ ಹೋದಳು. ನಳದ ನೀರು ಬಹಳ ಹೊತ್ತು ಸುರಿಯುವ ಸಪ್ಪಳ ಕೇಳಿತು. ಆಮೇಲೆ ಎಲ್ಲರಿಗೂ ಚಹಾ ತಂದಳು. ಸಕ್ಕರೆ ಹಾಕಿರಲಿಲ್ಲ. ಯಾರೂ ಹೇಳಲಿಲ್ಲ, ವೈಷ್ಣವಿಯೂ ಸಹ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟಳು.

ಮರುದಿನ ಪ್ರಕಾಶ ಅಂಗಡಿಯಿಂದ ಹಳದಿ ಟೇಪಿನ ಸುರುಳಿಗಳನ್ನು ತಂದು, ಮೊಣಕಾಲೂರಿ ಕೂತು, ನನ್ನ ಒಂದು ಹೆಜ್ಜೆಗೆ ಒಂದರಂತೆ ಅಡ್ಡ ಪಟ್ಟಿ ಅಂಟಿಸಿದ. ಟೀಪಾಯಿ ಗೋಡೆಗೆ ಸರಿಯಿತು. ಕಾಲೊರಸುಗಳು ಕಪಾಟು ಸೇರಿದವು. ನಾನು ಕುರ್ಚಿಯಿಂದ ಎದ್ದು ನಾನೇ ಬಚ್ಚಲಿಗೆ ಹೋಗಿ ಬಂದೆ. ಅದೊಂದು ದೊಡ್ಡ ಸಂಗತಿ ಎಂದು ಬರೆಯಲು ಈಗ ನಗು ಬರುತ್ತದೆ. ಆದರೆ ಅಂದು ನೀಲವ್ವ ದೇವರ ಮುಂದೆ ಊದಿನಕಡ್ಡಿ ಹಚ್ಚಿದಳು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಮುಗಿಸಬಹುದಿತ್ತು. ಆದರೆ ಆ ಮನೆಯಲ್ಲಿ ನಾನೊಬ್ಬನೇ ಮುದುಕನಾಗಿರಲಿಲ್ಲ. ಕಾಲೊರಸು ತೆಗೆದ ಮೇಲೆ ತಣ್ಣನೆಯ ನೆಲದಿಂದ ಸುಮಿತ್ರಾಬಾಯಿಯ ಮಂಡಿನೋವು ಏರಿತು. ಕೋಲಿನ ತುದಿ ಟೇಪಿನ ಅಂಚಿಗೆ ಸಿಗುತ್ತಿತ್ತು. ಭೇಟಿಗೆ ಬಂದ ಓಣಿಯ ಹೆಂಗಸರು ನೆಲ ನೋಡಿ ಇದೇನೆಂದು ಕೇಳಿದರೆ ಬೀಗತಿಗೆ ಹೇಳಿ ಹೇಳಿ ಬೇಸರ. ಒಮ್ಮೆ ಪ್ರಕಾಶನ ಮುಂದೆ, "ನನ್ನ ಮನಿ ಬಸ್‌ಸ್ಟ್ಯಾಂಡ ಮಾಡಿಟ್ರಲ್ಲೋ" ಎಂದದ್ದು ನನಗೆ ಕೇಳಿಸಿತು. ಅವರಿಗೆ ನಾನು ಕೇಳಿಸಿಕೊಂಡದ್ದು ಗೊತ್ತಾಯಿತು.

ಅದಾಗಿ ಕೆಲವು ದಿನಕ್ಕೆ, ಬಚ್ಚಲಿನ ಕಡೆಯ ಇಕ್ಕಟ್ಟಾದ ಸಂದಿನಲ್ಲಿ ನಾವಿಬ್ಬರೂ ಎದುರಾದೆವು. ಅವರು ಬರುತ್ತಿದ್ದರು, ನಾನು ಹೋಗುತ್ತಿದ್ದೆ. ಅವರಿಗೆ ಹಿಂದೆ ಸರಿಯಲು ಮಂಡಿ ಬಿಡುತ್ತಿರಲಿಲ್ಲ. ನನಗೆ ತಿರುಗಲು ಕಾಲು ಬಿಡುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನೀಲವ್ವ ಕಾಯಿಪಲ್ಲೆಗೆ ಹೋಗಿದ್ದಳು. ಹಾಗೇ ಮುಖಕ್ಕೆ ಮುಖ ಕೊಟ್ಟು ನಿಂತೆವು. ನನಗೆ ನಾಚಿಕೆಯಾಗಿ ಗೋಡೆ ನೋಡತೊಡಗಿದೆ.

ಮೊದಲು ನಕ್ಕವರು ಅವರು. ಕೋಲಿಗೆ ಮೈಭಾರ ಹಾಕಿ ನಕ್ಕರು. "ಬೀಗರ, ಈ ಮನ್ಯಾಗ ನಾವಿಬ್ರೂ ಹಿಡಿಯೂದಿಲ್ಲ ನೋಡ್ರಿ."

ನಾನೂ ನಕ್ಕೆ. ಬಹಳ ದಿನಗಳ ಮೇಲೆ.

"ಸಿಟ್ಟ ಆಗಬ್ಯಾಡ್ರಿ, ನಾ ಖರೇ ಹೇಳ್ತೀನಿ" ಎಂದರು. "ನನಗ ಬೇಕಾದ್ದು ನಿಮಗ ಬೀಳಸ್ತೈತಿ. ನಿಮಗ ಬೇಕಾದ್ದು ನನಗ ತ್ರಾಸ ಕೊಡ್ತೈತಿ. ಇದರಾಗ ಯಾರದೂ ತಪ್ಪಿಲ್ಲ. ಇಲ್ಲೇ ಹಿಂದಿನ ಓಣ್ಯಾಗ ಹಳೇ ಮನಿಗೋಳ ಅದಾವ, ಕೆಳಗಿನವು. ಒಂದು ನೋಡಿದ್ರ ಹೆಂಗ?"

"ಶೋಭಾ ಏನಂತಾಳೋ."

"ಆಕಿಗೆ ನಾ ಹೇಳ್ತೀನಿ."

ನೀಲವ್ವ ಬಂದು ಬಾಗಿಲು ತೆಗೆಯುವವರೆಗೆ ನಾವು ಅಲ್ಲೇ ನಿಂತು ಟಿಳಕವಾಡಿಯ ಹಳೇ ಮನೆಗಳ ಮಾತಾಡಿದೆವು.

ಸುಮಿತ್ರಾಬಾಯಿ ಹೇಳಿದರೂ ಶೋಭಾ ಒಪ್ಪಲಿಲ್ಲ. ನನ್ನ ಮುಂದೆ ಬಂದು ನಿಂತು, "ಕಡೀಗೆ ನಾ ಅಂದಿದ್ದ ಖರೇ ಆತಲ್ಲ" ಎಂದಳು. ಅವಳಿಗೆ ಅವತ್ತು ಪೂರ್ತಿ ಹೇಳಿದೆ. ಕಾಲು ನಿಂತದ್ದು ರೋಗ, ಅದರಲ್ಲಿ ನನ್ನದೇನೂ ಇಲ್ಲ. ಮಗಳ ಮನೆಯಲ್ಲಿ ಇರಲು ನನಗೆ ಸಂಕೋಚ ಇದ್ದದ್ದೂ ಖರೇ. ಎರಡೂ ಬೇರೆ ಬೇರೆ, ಒಂದೇ ಬಾಗಿಲಲ್ಲಿ ಬಂದು ನಿಂತವು ಅಷ್ಟೇ. "ನಿನ್ನ ಮ್ಯಾಲೆ ಬ್ಯಾಸರ ಆಗಿ ಹೊಂಟಿಲ್ಲವ್ವಾ. ಎದ್ದ ಓಡ್ಯಾಡಾಕ ಆಗೂವಂಥಾ ಜಾಗಾ ಬೇಕಾಗೈತಿ" ಎಂದೆ. ಅವಳು, "ದೂರ ಹೋಗಬ್ಯಾಡ್ರಿ ಮತ್ತ" ಎಂದಳು.

ಖಾನಾಪುರಕ್ಕೆ ಏಕೆ ವಾಪಸ್ ಹೋಗಲಿಲ್ಲ ಎಂದು ಕೆಲವರು ಕೇಳುತ್ತಾರೆ. ಫರಸಿ ನೆಲವೊಂದೇ ಸಾಕಾಗುವುದಿಲ್ಲ. ಡಾಕ್ಟರು ಇಲ್ಲಿದ್ದಾರೆ, ವೈಷ್ಣವಿ ಇಲ್ಲಿದ್ದಾಳೆ, ಬಿದ್ದರೆ ಎತ್ತುವವರು ಇಲ್ಲಿದ್ದಾರೆ. ಅಲ್ಲಿನ ಮನೆಯನ್ನು ಒಬ್ಬ ನರ್ಸಿನ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟೆವು. ಲಿಂಬಿ ಹಣ್ಣು ಈಗ ಅವರದು.

ಮನೆ ಹುಡುಕುವಾಗ ನಾವು ನೋಡಿದ್ದೆಲ್ಲ ಉಲ್ಟಾ. ಒಬ್ಬ ಮಾಲಕ ಬಾಗಿಲು ತೆರೆದು, "ಹೋದ ತಿಂಗಳಷ್ಟ ಹೊಸ ಟೈಲ್ಸ್ ಹಾಕಸೀನ್ರಿ, ಕನ್ನಡಿ ಹೊಳದಂಗ ಹೊಳೀತಾವ" ಎಂದ.

"ಹೊಳಿಯೂದ ಬ್ಯಾಡ್ರಿ" ಎಂದು ನೀಲವ್ವ ಹೊಸಿಲಿನಿಂದಲೇ ತಿರುಗಿದಳು. ಅವನು ಬಾಯಿ ಬಿಟ್ಟು ನೋಡುತ್ತ ನಿಂತ.

ಇನ್ನೊಂದು ಮನೆ, ಓಣಿಯ ಕೊನೆಗೆ, ಹಂಚಿನದು. ಮಾಲಕಿ ವಯಸ್ಸಾದ ಹೆಂಗಸು. ತೋರಿಸುವ ಮೊದಲೇ ಸಂಕೋಚಪಟ್ಟುಕೊಂಡಳು. "ನೆಲಾ ಹಳೇದೈತ್ರಿ, ಫರಸಿ ಕಪ್ಪಾಗ್ಯಾವ. ನೀವು ಬರೂದಾದ್ರ ಬದಲ ಮಾಡಸ್ತೀನಿ." ನಾನು ಅಷ್ಟರಲ್ಲಿ ಒಳಗೆ ಹೋಗಿ ಬಚ್ಚಲಿನವರೆಗೆ ನೋಡಿಕೊಂಡು ಬಂದಿದ್ದೆ. "ಬದಲ ಮಾಡಸಬ್ಯಾಡ್ರೀ, ಕೈ ಮುಗೀತೀನಿ" ಎಂದೆ. ಅವಳಿಗೆ ಏನರ್ಥವಾಯಿತೋ, ಚಹಾಕ್ಕೆ ಇಟ್ಟಳು.

ಆ ಮನೆಯಲ್ಲೇ ಈಗ ಇದ್ದೇವೆ. ಪ್ರಕಾಶ ಬಚ್ಚಲಿನಲ್ಲಿ ಹಿಡಿಯಲು ಕಬ್ಬಿಣದ ಕೊಳವೆ ಹಾಕಿಸಿದ, ಅಲ್ಲಿ ದೊಡ್ಡ ಬೆಳಕಿನ ಬಲ್ಬು ಕೂಡಿಸಿದ. ಮುಂದೆ ಕಟ್ಟೆ ಇದೆ. ನಾನು ಬೆಳಿಗ್ಗೆ ಅಲ್ಲಿ ಕೂತರೆ ಹಾಲಿನವನಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಎಲ್ಲರೂ ಮಾತಾಡಿಸಿಕೊಂಡು ಹೋಗುತ್ತಾರೆ. ಓಣಿಯಲ್ಲಿ ಒಬ್ಬರ ನಾಯಿಗೆ ಕಿವಿ ಸೋರುತ್ತಿತ್ತು, ನೋಡಿ ಏನು ಮಾಡಬೇಕೆಂದು ಹೇಳಿದೆ. ಮೂರನೆಯ ಮನೆಯವರು ಬೆಕ್ಕು ತಂದರು. ಸುಮಿತ್ರಾಬಾಯಿಯ ಕಾಲೊರಸುಗಳು ಅವರ ಮನೆಯಲ್ಲಿ ಮತ್ತೆ ಹಾಸಿಕೊಂಡಿವೆ. ಸಂಜೆ ಅವರು ಕೋಲೂರಿ ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. ಆ ಫ್ಲಾಟಿನಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಇಲ್ಲಿ ಆಡಿದ್ದೇವೆ.

ರೋಗ ನಿಂತಿಲ್ಲ. ಧ್ವನಿ ಸಣ್ಣದಾಗಿದೆ, ಫೋನಿನಲ್ಲಿ ಮಾತಾಡಿದರೆ ಆ ಕಡೆಯವರು ಹಲೋ ಹಲೋ ಎನ್ನುತ್ತಲೇ ಇರುತ್ತಾರೆ. ಗುಳಿಗೆಯ ಜೋರು ಇಳಿಯುವ ಹೊತ್ತಿಗೆ ಫರಸಿಯ ಮೇಲೂ ಕೆಲವೊಮ್ಮೆ ಕಾಲು ಹಿಡಿಯುತ್ತದೆ. ಆವಾಗ ನೀಲವ್ವ ತನ್ನ ಕಾಲು ಅಡ್ಡ ಇಡುತ್ತಾಳೆ. ಮೊದಮೊದಲು ಗಂಡನಿಗೆ ಕಾಲು ಅಡ್ಡ ಇಡುವುದು ಹೇಗೆ ಎಂದು ಹಿಂಜರಿಯುತ್ತಿದ್ದಳು, ಈಗ ಬೈಯುತ್ತ ಇಡುತ್ತಾಳೆ. ಮುಂದೆ ಹೇಗೋ ಗೊತ್ತಿಲ್ಲ. ಕೇಳಿದರೆ ಡಾಕ್ಟರೂ ಗೊತ್ತಿಲ್ಲ ಎಂದೇ ಹೇಳುತ್ತಾರೆ, ಆ ಮಾತು ನನಗೆ ಸೇರುತ್ತದೆ.

ಆ ಜೋಡಿಸಿದ ಕುರ್ಚಿಗಳ ಸಾಲಿನಲ್ಲಿ ಈಗಲೂ ಹೊಸಬರು ಬಂದು ಕೂಡುತ್ತಾರೆ. ಅವರ ಮನೆಯವರು ನನ್ನ ಹತ್ತಿರ ಸರಿದು, ಮೆಲ್ಲಗೆ, "ಇವರು ಬೇಕಂತ ಮಾಡ್ತಾರ ಅನಸ್ತೈತ್ರಿ" ಎನ್ನುತ್ತಾರೆ. ಈ ಮಾತನ್ನು ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಅವರಿಗಾಗಿಯೇ ಇದನ್ನು ಬರೆದೆ. ನಿಮ್ಮ ಮನುಷ್ಯನನ್ನು ಬೈಯುವ ಮೊದಲು ಒಮ್ಮೆ ಅವರು ನಿಂತ ಜಾಗದಲ್ಲಿ ನಿಂತು ನೆಲ ನೋಡ್ರಿ, ಬೆಳಕು ನೋಡ್ರಿ, ದಾರಿಯಲ್ಲಿ ಏನೇನಿದೆ ನೋಡ್ರಿ ಎಂದು ಹೇಳುತ್ತೇನೆ. ಮತ್ತು ಜಗ್ಗಬ್ಯಾಡ್ರಿ ಎನ್ನುತ್ತೇನೆ.

ಶೋಭಾ ರವಿವಾರ ಬರುತ್ತಾಳೆ. ತನ್ನ ಮನೆಯಲ್ಲಿ ನನ್ನ ಹಿಂದೆ ಮುಂದೆ ಕೈ ಚಾಚಿಕೊಂಡು ಓಡಾಡುತ್ತಿದ್ದ ಹುಡುಗಿ, ಇಲ್ಲಿ ಬಂದವಳೇ ಬ್ಯಾಗು ಒಂದು ಕಡೆ, ಓಢಣಿ ಒಂದು ಕಡೆ ಒಗೆದು, ತಾಯಿಯ ಕೈಯ ಬಿಸಿ ರೊಟ್ಟಿ, ಝುಣಕ ಉಂಡು, ಪಡಸಾಲೆಯ ತಣ್ಣನೆಯ ಫರಸಿಯ ಮೇಲೆ ಅಡ್ಡ ಬೀಳುತ್ತಾಳೆ. ಸುಮಿತ್ರಾಬಾಯಿ ಒಮ್ಮೆ, "ಆಕಿಗೆ ತವರಮನಿ ಓಣ್ಯಾಗ ಬಂತು" ಎಂದಿದ್ದರು.

ಹೋದ ರವಿವಾರ ಹಾಗೇ ಮಲಗಿದ್ದಳು. ನಾನು ಒಳಗಿನಿಂದ ಕಟ್ಟೆಗೆ ಹೋಗಲು ಬಂದೆ. ಅವಳು ದಾರಿಗೆ ಅಡ್ಡವಾಗಿ ಮಲಗಿದ್ದಳು, ತೋಳು ತಲೆಗೆ ಇಟ್ಟುಕೊಂಡು, ಬಾಯಿ ಅರೆ ತೆರೆದು, ಸಣ್ಣವಳಿದ್ದಾಗ ಮಲಗುತ್ತಿದ್ದ ಹಾಗೆ. ಗೋಡೆ ಹಿಡಿದು ನಿಂತೆ. ಬಹುಶಃ ನನ್ನ ನೆರಳು ಮುಖದ ಮೇಲೆ ಬಿತ್ತು, ಒಮ್ಮೆಲೇ ಕಣ್ಣು ತೆರೆದು ಗಾಬರಿಯಿಂದ ಎದ್ದು ಕೂತಳು.

"ಯಾಕಪ್ಪಾ, ಕಾಲ ಹಿಡಿದಾವೇನು? ಕಾಲ ಅಡ್ಡ ಇಡ್ಲಿ?"

"ಇಲ್ಲವ್ವಾ" ಎಂದೆ. "ಕಾಲ ಛಲೋ ಅದಾವ. ನೀ ಮಲಗಿದ್ದಿ, ಹಂಗ ನೋಡಕೋತ ನಿಂತಿದ್ದೆ. ಮಲಕೋ."